ದೊಡ್ಡಮ್ಮ ಎತ್ತದ ಕೈ

ಲಾಂಡ್ರಿಯಲ್ಲಿ ನಮ್ಮ ದೊಡ್ಡಮ್ಮನನ್ನು ಎಲ್ಲರೂ ಕರೆಯುವುದು ಮಡಿಕೆ ಎಂದು. ಹೊಸದಾಗಿ ಕೆಲಸಕ್ಕೆ ಸೇರಿದವರು ಅದನ್ನು ಮಡಕೆ ಎಂದು ಕೇಳಿಸಿಕೊಂಡು, ಮೈಕಟ್ಟು ನೋಡಿ ಯಾರೋ ಇಟ್ಟ ಹೆಸರಿರಬೇಕು ಎಂದು ಒಳಗೊಳಗೇ ನಗುತ್ತಾರೆ. ಅವಳು ತಿದ್ದಲು ಹೋಗುವುದಿಲ್ಲ. ಒಗೆದು ಒಣಗಿದ ಬೆಡ್‌ಶೀಟೊಂದರ ಎರಡು ಮೂಲೆಗಳನ್ನು ಅವರ ಕೈಗೆ ಕೊಟ್ಟು, ಇನ್ನೆರಡನ್ನು ತಾನು ಹಿಡಿದು, ಅವರು ಕಣ್ಣು ಮಿಟುಕಿಸುವಷ್ಟರಲ್ಲಿ ಅದನ್ನು ಇಟ್ಟಿಗೆಯ ಹಾಗೆ ಚೌಕವಾಗಿಸಿ ಅವರ ತೋಳಿನ ಮೇಲೆ ಇಡುತ್ತಾಳೆ. ಆಮೇಲೆ ಯಾರೂ ಹೆಸರಿನ ಮಾತೆತ್ತುವುದಿಲ್ಲ.

ಅವಳು ನನ್ನ ತಾಯಿಯ ಅಕ್ಕ. ಅಮ್ಮ ಬೇರೆ ಊರಿನಲ್ಲಿ ಕೆಲಸಕ್ಕಿದ್ದದ್ದರಿಂದ ನಾನು ಓದಿ ಬೆಳೆದದ್ದೆಲ್ಲ ದೊಡ್ಡಮ್ಮನ ಮನೆಯಲ್ಲಿ. ಶಾಲೆಯಲ್ಲಿ ಸಮಾಜ ಪಾಠ ಹೇಳುವ ಕೆಲಸ ಸಿಕ್ಕಿದ ಮೇಲೂ ಅಲ್ಲೇ ಉಳಿದೆ. ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಕಿಟಕಿಯ ಬಳಿ ದೊಡ್ಡಪ್ಪನ ಮೇಜು. ಅವರು ಗಡಿಯಾರ ರಿಪೇರಿಯವರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಮನೆಗೆ ಬೆಂಕಿ ಬಿದ್ದರೂ ತಲೆ ಎತ್ತುವುದಿಲ್ಲ ಎಂಬುದು ದೊಡ್ಡಮ್ಮನ ದೂರು. ಅವಳು ಓದಿದ್ದು ಕಡಿಮೆ, ಆದರೆ ಬರೆದದ್ದರ ಮೇಲೆ ಅವಳಿಗಿದ್ದ ಗೌರವ ನನ್ನಂಥ ಟೀಚರಿಗೂ ಇಲ್ಲ. ಸಹಿ ಹಾಕಿದ ಕಾಗದವೊಂದು ಕೈಗೆ ಬಂದರೆ ಎರಡೂ ಕೈಯಲ್ಲಿ ಹಿಡಿದು, ತುಟಿ ಆಡಿಸುತ್ತಾ, ಕೊನೆಯ ಚುಕ್ಕೆಯವರೆಗೂ ಓದುತ್ತಾಳೆ.

ಆ ಗೌರವ ಸುಮ್ಮನೆ ಬಂದದ್ದಲ್ಲ. ಲಾಂಡ್ರಿ ಮೊದಲು ಒಬ್ಬ ಯಜಮಾನನದಾಗಿತ್ತು. ಒಗೆಯುವ ಯಂತ್ರಗಳ ಸಾಲು, ಒಣಗಿಸುವ ಕೋಣೆ, ಇಸ್ತ್ರಿ, ಮಡಿಸುವ ಮೇಜುಗಳು, ಇವೆಲ್ಲ ಕಾಣುವ ಹಾಗೆ ಮೆಟ್ಟಿಲ ಮೇಲೊಂದು ಗಾಜಿನ ಕೋಣೆ, ಅದರಲ್ಲಿ ಅವನ ಕುರ್ಚಿ. ಕೆಳಗೆ ಅವನ ಕಣ್ಣು ಮುಟ್ಟದ ಒಂದೇ ಜಾಗ ಬಾಯ್ಲರ್ ಕೋಣೆ. ಅಲ್ಲಿದ್ದವನಿಗೆ ಎಲ್ಲರೂ ಇಟ್ಟಿದ್ದ ಹೆಸರು ಸೀಟಿ. ಬೆಳಗ್ಗೆ ಕೆಲಸ ಶುರುವಾಗುವ ಹೊತ್ತಿಗೆ ಉಗಿಯ ಸೀಟಿ ಊದುವವನು ಅವನೇ. ಊದಿದ ಮೇಲೆ ಯಾರ್ಯಾರು ಬಂದರು ಎಂದು ಬಾಯ್ಲರ್ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಸಂಜೆ ಯಜಮಾನನಿಗೆ ಒಪ್ಪಿಸುವವನೂ ಅವನೇ.

ಅಜ್ಜಿ ಆಸ್ಪತ್ರೆಯಲ್ಲಿದ್ದ ವಾರ ದೊಡ್ಡಮ್ಮ ಮೂರು ದಿನ ತಡವಾಗಿ ಹೋದಳು. ನಾಲ್ಕನೇ ದಿನ ಗೇಟಿನಲ್ಲಿ ಕಾವಲುಗಾರ ಅಡ್ಡ ನಿಂತ. "ಇನ್ಮೇಲೆ ಬರೋದು ಬೇಡವಂತೆ," ಎಂದ. ಯಾಕೆ ಎಂದು ಕೇಳಿದ್ದಕ್ಕೆ, "ನಂಗೇನು ಗೊತ್ತು, ಸೀಟಿ ಏನೋ ಹೇಳಿದಾನೆ," ಎಂದ. ಯಜಮಾನನನ್ನು ನೋಡಿ ತಾಯಿಯ ವಿಷಯ ಹೇಳಬೇಕೆಂದು ಅವಳು ಒಂದು ವಾರ ಗೇಟಿನ ಮುಂದೆ ನಿಂತಳು. ಯಾರೂ ಒಳಗೆ ಬಿಡಲಿಲ್ಲ. ಎರಡನೇ ವಾರ ಅಜ್ಜಿ ತೀರಿಕೊಂಡರು. ನಾಲ್ಕು ತಿಂಗಳಾದ ಮೇಲೆ, ಮಡಿಸಿದ್ದು ಸರಿಯಿಲ್ಲ ಎಂದು ಹೋಟೆಲಿನವರು ಬಟ್ಟೆ ವಾಪಸು ಕಳಿಸಲು ಶುರುಮಾಡಿದಾಗ, ಅದೇ ಕಾವಲುಗಾರ ಮನೆಗೆ ಬಂದು ಕರೆದ. ಅವಳು ಹೋದಳು. ಆದರೆ ಆವತ್ತಿನಿಂದ ಸೀಟಿಯ ಜೊತೆ ಒಂದು ಮಾತೂ ಆಡಲಿಲ್ಲ. ಹದಿನೆಂಟು ವರ್ಷ. ಉಗಿ ಕಡಿಮೆಯಾದರೆ ಬೇರೆಯವರ ಕೈಲಿ ಹೇಳಿ ಕಳಿಸುತ್ತಿದ್ದಳು.

"ಬೈದಿದ್ರೂ ತಡ್ಕೋತಿದ್ದೆ," ಎಂದು ಒಮ್ಮೆ ನನ್ನ ಬಳಿ ಹೇಳಿದ್ದಳು. "ಒಂದು ಮಾತು ಕೇಳಿ ಆಮೇಲೆ ಓಡಿಸಬಹುದಿತ್ತು. ಕೇಳಲೇ ಇಲ್ಲ ನೋಡು, ಅದು ಇನ್ನೂ ಗಂಟಲಲ್ಲೇ ಇದೆ."

ಯಜಮಾನನಿಗೆ ವಯಸ್ಸಾಯಿತು, ಅವನು ಲಾಂಡ್ರಿ ಮುಚ್ಚುತ್ತೇನೆಂದ. ಕೆಲಸದವರು ನಲವತ್ತಮೂರು ಜನ ಸೇರಿ ಸಂಘ ಮಾಡಿಕೊಂಡು ತಾವೇ ನಡೆಸುತ್ತೇವೆಂದು ಹೊರಟರು. ಇಸ್ತ್ರಿಯ ಮೇಜಿನಲ್ಲಿದ್ದ, ಮುತ್ತು ಪೋಣಿಸಿದಂಥ ಅಕ್ಷರದ ಮನುಷ್ಯನೊಬ್ಬ ಕಾರ್ಯದರ್ಶಿಯಾದ. ನಾಲ್ಕು ಮಧ್ಯಾಹ್ನ ಬಟ್ಟೆಯ ಗಂಟುಗಳ ಮೇಲೆ ಕೂತು ಅವರು ನಿಯಮಗಳನ್ನು ಬರೆದರು. ಎಲ್ಲರಿಗೂ ಒಂದೊಂದು ಕೈ, ಹೆಚ್ಚು ಕೈ ಎತ್ತಿದ ಕಡೆ ತೀರ್ಮಾನ. ಆರು ನಿಯಮ ಮುಗಿದ ಮೇಲೆ ದೊಡ್ಡಮ್ಮ ಎದ್ದು ನಿಂತು, ನನ್ನದೂ ಒಂದು ಬರೀರಿ ಎಂದಳು. ಯಾರನ್ನೇ ಆಗಲಿ, ಅವರ ಮೇಲಿನ ದೂರು ಬರೆದು ಕೈಗೆ ಕೊಡದೆ, ಉತ್ತರಕ್ಕೆ ಹದಿನೈದು ದಿನ ಬಿಡದೆ, ಚೀಟಿ ಎತ್ತಿ ಆರಿಸಿದ ಮೂವರ ಮುಂದೆ ಅವರ ಮಾತು ಕೇಳದೆ ಕೆಲಸದಿಂದ ತೆಗೆಯುವಂತಿಲ್ಲ.

"ಯಜಮಾನನೇ ಹೋದ ಮೇಲೆ ಯಾರು ಯಾರನ್ನ ತೆಗೀತಾರೆ ಮಡಿಕೆ?" ಎಂದು ಒಣಗಿಸುವ ಕೋಣೆಯವರು ನಕ್ಕರು.

"ತೆಗೆಯಲ್ಲ ಅಂದ್ರೆ ಬರೆಯೋಕೇನು ಕಷ್ಟ?" ಎಂದಳು. ಬರೆದ ಮೇಲೂ ಕೂರಲಿಲ್ಲ. "ಇನ್ನೊಂದು ಸಾಲು ಹಾಕಿ. ಇದನ್ನ ಕೈ ಎತ್ತಿ ಅಳಿಸೋಕೆ ಬರಬಾರದು."

ಕಾರ್ಯದರ್ಶಿ ಆ ಸಾಲನ್ನೂ ಬರೆದ. ನಲವತ್ತಮೂರು ಜನ ಸಹಿ ಹಾಕಿದರು. ಸೀಟಿಯೂ ಹಾಕಿದ.

ಮುಂದಿನ ಆರು ವರ್ಷ ಅದರ ಅಗತ್ಯವೇ ಬರಲಿಲ್ಲ. ಗಾಜಿನ ಕೋಣೆಯಲ್ಲಿ ಸಾಬೂನು ಪುಡಿಯ ಚೀಲ ತುಂಬಿಸಿದರು. ದೊಡ್ಡಮ್ಮನ ಎದುರು ನಿಂತು ಬೆಡ್‌ಶೀಟಿನ ಇನ್ನೆರಡು ಮೂಲೆ ಹಿಡಿಯುತ್ತಿದ್ದವಳಿಗೆ ಎಲ್ಲರೂ ಇಟ್ಟಿದ್ದ ಹೆಸರು ಏಣಿ. ಆಳೆತ್ತರದ ಹೆಂಗಸು, ಮಾತು ಕಡಿಮೆ. ಹತ್ತೊಂಬತ್ತು ವರ್ಷ ಇಬ್ಬರೂ ಎದುರುಬದುರು ನಿಂತು ಮಡಿಸಿದವರು. ಇವಳು ಕೈ ಎತ್ತುವ ಮೊದಲೇ ಅವಳಿಗೆ ತಿಳಿಯುತ್ತಿತ್ತು.

ಆಮೇಲೆ ಒಂದು ದಿನ ಊರಿನ ದೊಡ್ಡ ಹೋಟೆಲಿನಿಂದ ಬಟ್ಟೆಯ ಗಾಡಿ ಬರಲಿಲ್ಲ. ಮರುದಿನವೂ ಬರಲಿಲ್ಲ. ನೀವು ಆಸ್ಪತ್ರೆಯ ಬಟ್ಟೆ ಮತ್ತು ನಮ್ಮ ಬಟ್ಟೆ ಒಂದೇ ನೀರಿನಲ್ಲಿ ಒಗೆಯುತ್ತೀರಂತೆ, ಇನ್ನು ಮುಂದೆ ಕೊಡುವುದಿಲ್ಲ ಎಂದು ಪತ್ರ ಬಂತು. ಯಾರು ಹೇಳಿದರು? ಹಿಂದಿನ ವಾರ ಹಿತ್ತಲ ಗೇಟಿನ ಹತ್ತಿರ ಹೋಟೆಲಿನ ಮೇಲ್ವಿಚಾರಕನ ಜೊತೆ ಸೀಟಿ ಮಾತಾಡುತ್ತಾ ನಿಂತಿದ್ದನ್ನು ಇಬ್ಬರು ನೋಡಿದ್ದರು. ಅಷ್ಟು ಸಾಕಾಯಿತು. ಚಾಡಿ ಹೇಳುವುದು ಅವನಿಗೆ ರಕ್ತದಲ್ಲೇ ಬಂದದ್ದು ಎಂದು ಯಾರೋ ಅಂದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಸಭೆ ಸೇರಿತು. ಸೀಟಿಯನ್ನು ಕರೆಯಲಿಲ್ಲ. ಬಾಯ್ಲರ್ ಬಿಟ್ಟು ಬರುವಂತಿಲ್ಲವಲ್ಲ ಎಂಬುದು ನೆಪ.

ಕಾರ್ಯದರ್ಶಿ ಹೆಚ್ಚು ಮಾತಾಡಲಿಲ್ಲ. "ನಮ್ಮ ಅನ್ನಕ್ಕೆ ಕಲ್ಲು ಹಾಕಿದವನನ್ನ ನಮ್ಮ ಜೊತೆ ಇಟ್ಕೋಬೇಕಾ ಬೇಡವಾ, ಅಷ್ಟೇ ಪ್ರಶ್ನೆ. ಬೇಡ ಅನ್ನೋರು ಕೈ ಎತ್ತಿ."

ನಲವತ್ತೊಂದು ಕೈ ಎದ್ದವು. ಏಣಿಯ ಕೈ ಎಲ್ಲರಿಗಿಂತ ಮೇಲೆ ಕಾಣುತ್ತಿತ್ತು. ದೊಡ್ಡಮ್ಮನ ಕೈ ಮಾತ್ರ ಮಡಿಲಲ್ಲಿತ್ತು.

ಎಲ್ಲರೂ ತಿರುಗಿ ನೋಡಿದರು. ಮರೆತಿರಬೇಕು ಎಂದುಕೊಂಡು ಪಕ್ಕದವಳು ಮೊಣಕೈಯಿಂದ ತಿವಿದಳು.

"ನಿದ್ದೆ ಬಂದಿಲ್ಲ ನಂಗೆ," ಎಂದಳು ದೊಡ್ಡಮ್ಮ. "ದೂರು ಎಲ್ಲಿ? ಬರೆದು ಕೊಟ್ರಾ ಅವನಿಗೆ? ಮೂರು ಜನ ಯಾರು?"

"ನಿನ್ನನ್ನೇ ಬೀದಿಗೆ ತಳ್ಳಿದವನಿಗೆ ನೀನು ವಕೀಲಳಾ?" ಎಂದ ಕಾರ್ಯದರ್ಶಿ.

"ಅವನ ಮುಖ ಕಂಡ್ರೆ ನಂಗೆ ಆಗಲ್ಲ, ಅದು ನಿಮಗೆಲ್ಲ ಗೊತ್ತಿರೋದೇ. ನಾನು ಕೇಳ್ತಿರೋದು ಅವನ ಮುಖದ ವಿಷಯ ಅಲ್ಲ, ಏಳನೇ ನಿಯಮದ ವಿಷಯ."

"ನಲವತ್ತೊಂದು ಜನ ಒಂದು ಕಡೆ ಇದ್ದೀವಿ. ಇದಕ್ಕಿಂತ ದೊಡ್ಡ ನಿಯಮ ಯಾವುದು? ಇದು ಪ್ರಜಾಪ್ರಭುತ್ವ."

ಸಭೆಯ ಪುಸ್ತಕ ಸಹಿಗೆ ಬಂದಾಗ ಅವಳು ತನ್ನ ದಪ್ಪ ದಪ್ಪ ಅಕ್ಷರದಲ್ಲಿ, ಎರಡು ಸಾಲಿನ ಜಾಗ ಹಿಡಿದು, "ಒಪ್ಪಿಗೆ ಇಲ್ಲ. ನಿಯಮ ಏಳು" ಎಂದು ಬರೆದು ಹೆಸರು ಹಾಕಿದಳು. ಆ ಹೊತ್ತಿಗೆ ಇಬ್ಬರು ಹೋಗಿ ಸೀಟಿಗೆ ತೀರ್ಮಾನ ತಿಳಿಸಿದ್ದರು. ಅವನು ಬಟ್ಟೆಯ ಚೂರಿಗೆ ಕೈ ಒರೆಸಿಕೊಂಡು, ಊಟದ ಡಬ್ಬಿ ತೆಗೆದುಕೊಂಡು, ಬಾಯ್ಲರಿನ ಒತ್ತಡದ ಮುಳ್ಳನ್ನು ಒಮ್ಮೆ ನೋಡಿ ಹೊರಟುಹೋದನಂತೆ. ಮರುದಿನ ಬೆಳಗ್ಗೆ ಬಂದು ಗೇಟಿನ ಹೊರಗೆ ನಿಂತ. ಒಳಗೆ ಬಿಡಲಿಲ್ಲ. ಅದರ ಮರುದಿನವೂ ಬಂದು ನಿಂತ. ದೊಡ್ಡಮ್ಮ ಅವನನ್ನು ದಾಟಿಕೊಂಡೇ ಒಳಗೆ ಹೋಗುತ್ತಿದ್ದಳು. ನೋಡುತ್ತಿರಲಿಲ್ಲ, ಮಾತಾಡಿಸುತ್ತಲೂ ಇರಲಿಲ್ಲ.

ಆ ವಾರ ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಸಂಜೆ ಅವಳು ಭುಜ ಹಿಡಿದುಕೊಂಡು ಬಂದು ನನ್ನ ಎದುರು ಕೂತಳು. ನಾನು ಒಂದೇ ಸಮ ಕೆಂಪು ಗೆರೆ ಎಳೆಯುತ್ತಿದ್ದುದನ್ನು ನೋಡಿ, ಯಾಕೆ ಮಕ್ಕಳ ಮೇಲೆ ಹರಿಹಾಯ್ತಿದ್ದೀಯ ಎಂದಳು.

"ಪ್ರಜಾಪ್ರಭುತ್ವಕ್ಕೂ ಗಣರಾಜ್ಯಕ್ಕೂ ಏನು ವ್ಯತ್ಯಾಸ ಅಂತ ಕೇಳಿದ್ದೆ. ಮೂವತ್ತು ಜನ ಎರಡೂ ಒಂದೇ ಅಂತ ಬರೆದಿದ್ದಾರೆ. ಒಬ್ಬ ಮಾತ್ರ, ಒಂದು ಉದ್ದ ಪದ ಇನ್ನೊಂದು ಗಿಡ್ಡ ಪದ ಅಂತ ಬರೆದಿದ್ದಾನೆ."

ಅವಳು ನಗಲಿಲ್ಲ. "ಏನು ವ್ಯತ್ಯಾಸ?"

ನಾನು ಪಾಠ ಹೇಳುವ ಧಾಟಿಯಲ್ಲೇ ಶುರುಮಾಡಿದೆ. "ಪ್ರಜಾಪ್ರಭುತ್ವ ಅಂದ್ರೆ ಜನ ತೀರ್ಮಾನ ಮಾಡೋದು, ಹೆಚ್ಚು ಜನ ಹೇಳಿದ್ದು ನಡೆಯೋದು. ಗಣರಾಜ್ಯ ಅಂದ್ರೆ ದೇಶ ಒಬ್ಬ ರಾಜನ ಆಸ್ತಿ ಅಲ್ಲ, ಎಲ್ಲರದ್ದು ಅನ್ನೋದು. ರಾಜ ಇದ್ದುಕೊಂಡೇ ಜನ ಮತ ಹಾಕೋ ದೇಶಗಳಿವೆ. ರಾಜ ಇಲ್ಲದೆ, ಮತಕ್ಕೂ ಬೆಲೆ ಇಲ್ಲದ ದೇಶಗಳೂ ಇವೆ. ಎರಡೂ ಒಟ್ಟಿಗೇ ಇರಬೇಕು ಅಂತೇನಿಲ್ಲ."

"ರಾಜ ಇಲ್ಲದಿದ್ರೆ ಆಯ್ತಾ? ಅಷ್ಟೇನಾ?"

"ಅಷ್ಟೇ ಅಲ್ಲ. ರಾಜನ ಮರ್ಜಿಯ ಜಾಗದಲ್ಲಿ ಕಾನೂನು ಕೂರಬೇಕು. ಅದು ಎಲ್ಲರಿಗಿಂತ ಮೇಲೆ. ಗೆದ್ದವರಿಗಿಂತಲೂ ಮೇಲೆ, ತುಂಬ ಜನರಿಗಿಂತಲೂ ಮೇಲೆ. ಹಾಗೆ ಅರ್ಥ ಹೇಳೋರು ಇದ್ದಾರೆ. ಪುಸ್ತಕದಲ್ಲಿ ಅದು ಒಂದೇ ಸಾಲು."

ಅವಳು ಮೇಜಿನ ಅಂಚನ್ನು ಬೆರಳಿನಿಂದ ಒತ್ತಿದಳು. "ಹಾಗಾದ್ರೆ ನಮ್ಮಲ್ಲಿ ಆಗಿದ್ದು ಇದು. ಯಜಮಾನ ಎದ್ದು ಹೋದ. ಆ ಕುರ್ಚಿ ಖಾಲಿ ಬಿಡಬೇಕಿತ್ತು. ನಲವತ್ತೊಂದು ಜನ ಒಟ್ಟಿಗೆ ಹೋಗಿ ಅದರ ಮೇಲೆ ಕೂತ್ಕೊಂಡ್ರು."

ಹನ್ನೆರಡು ವರ್ಷದಿಂದ ಈ ಪಾಠ ಮಾಡುತ್ತಿದ್ದವಳಿಗೆ ಇದು ಹೊಳೆದಿರಲಿಲ್ಲ. ಕಿಟಕಿಯ ಕಡೆಯಿಂದ ದೊಡ್ಡಪ್ಪ ಭೂತಗನ್ನಡಿ ತೆಗೆಯದೆಯೇ ಹೇಳಿದರು, "ನೀನು ಗೆದ್ರೆ ಅವನು ಒಳಗೆ ಬರ್ತಾನೆ. ಸೋತ್ರೆ ನೀನು ಹೊರಗೆ ಹೋಗ್ತೀಯ. ಎರಡರಲ್ಲಿ ನಿಂಗೆ ಯಾವುದು ಬೇಕು, ಅದನ್ನಾದ್ರೂ ಹೇಳು."

"ನಿಮ್ಮ ಗಡಿಯಾರ ನೋಡ್ಕೊಳ್ಳಿ," ಎಂದಳು. ಅವರು ಎದ್ದು ಬಂದು ಅವಳ ಭುಜಕ್ಕೆ ಮುಲಾಮು ತಿಕ್ಕಿದರು.

ಭುಜ ನೋಯುತ್ತಿದ್ದುದಕ್ಕೆ ಕಾರಣವಿತ್ತು. ಮೂರನೇ ದಿನವೇ ಏಣಿಯನ್ನು ಬೇರೆ ಮೇಜಿಗೆ ಹಾಕಿದ್ದರು. ಏಣಿ ಬಂದು, ನೆಲ ನೋಡುತ್ತಾ, "ನನ್ನ ಗಂಡನೂ ಇಲ್ಲೇ ಇರೋದು, ಅಕ್ಕ," ಎಂದಿದ್ದಳು. ದೊಡ್ಡಮ್ಮ, "ಹೋಗು, ನಿಂತ್ಕೋಬೇಡ," ಎಂದಿದ್ದಳು. ಬೇರೆ ಯಾರೂ ಅವಳ ಎದುರು ಬಂದು ನಿಲ್ಲಲಿಲ್ಲ. ದೊಡ್ಡ ಬೆಡ್‌ಶೀಟು ಒಬ್ಬರೇ ಮಡಿಸುವಂಥದ್ದಲ್ಲ. ಒಂದು ತುದಿ ನೆಲಕ್ಕೆ ಬಿದ್ದರೆ ಮತ್ತೆ ಒಗೆಯಬೇಕು. ನಾಚಿಕೆಯಿಂದ ತಾನಾಗಿಯೇ ದಾರಿಗೆ ಬರುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಮನೆಯಿಂದ ಎರಡು ಗಟ್ಟಿ ಕ್ಲಿಪ್ಪು, ದೊಡ್ಡಪ್ಪನ ಪೆಟ್ಟಿಗೆಯಿಂದ ಒಂದಿಷ್ಟು ತಂತಿ ತಂದು, ಗೋಡೆಯ ಕೊಳವೆಗೆ ಎದೆಯೆತ್ತರದಲ್ಲಿ ಕಟ್ಟಿದಳು. ಎರಡು ಮೂಲೆ ಕ್ಲಿಪ್ಪಿಗೆ ಸಿಕ್ಕಿಸುವುದು, ಹಿಂದಕ್ಕೆ ನಡೆಯುವುದು, ಎಳೆಯುವುದು, ಮಡಿಸುತ್ತಾ ಗೋಡೆಯ ಕಡೆ ಬರುವುದು, ಬಿಡಿಸುವುದು. ಇಬ್ಬರು ಗಂಟೆಗೆ ಎಂಬತ್ತು ಮಡಿಸುತ್ತಿದ್ದ ಕಡೆ ಒಬ್ಬಳೇ ಮೂವತ್ತು. ಇಡೀ ದಿನ ಗೋಡೆಗೂ ಮೇಜಿಗೂ ನಡೆದಳು. ದಿನವೂ ಹೀಗೇ. ಗೋಡೆಯೇ ವಾಸಿ, ಉಸ್ಸೆನ್ನುವುದಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದಳು.

ಅವಳ ಬಟ್ಟೆಯ ಕಪಾಟಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ "ಚಾಡಿಕೋರನ ತಂಗಿ" ಎಂದು ಬರೆದರು. ಅವಳು ಒರೆಸಲಿಲ್ಲ. ಅದರ ಕೆಳಗೆ "ನಿಯಮ ಏಳು ಓದಿ" ಎಂದು ತಾನೂ ಬರೆದಳು.

ಅತ್ತ ಕಾರ್ಯದರ್ಶಿಗೆ ಬೇರೆ ಚಿಂತೆ ಹತ್ತಿತ್ತು. ತಿಂಗಳ ಕೊನೆಯಲ್ಲಿ ಸಭೆಯ ಪುಸ್ತಕದ ಪ್ರತಿಯನ್ನು ಸಂಘಗಳ ನೋಂದಣಿ ಕಚೇರಿಗೆ ಕಳಿಸಬೇಕು. ಅದರಲ್ಲಿ ದೊಡ್ಡಮ್ಮನ ದಪ್ಪ ಅಕ್ಷರ ಮುಳ್ಳಿನ ಹಾಗೆ ಎದ್ದು ಕಾಣುತ್ತಿತ್ತು. ಯೋಚಿಸಿ ಅವನು ಒಂದು ದಾರಿ ಹುಡುಕಿದ. ಏಳನೇ ನಿಯಮವನ್ನೇ ತೆಗೆದುಹಾಕಲು ಇನ್ನೊಂದು ಸಭೆ ಕರೆದ.

ಆ ಮಧ್ಯಾಹ್ನದ ಕಥೆಯನ್ನು ನಾನು ಮೂರು ಬಾಯಲ್ಲಿ ಕೇಳಿದ್ದೇನೆ, ದೊಡ್ಡಮ್ಮನ ಬಾಯಲ್ಲಿ, ಏಣಿಯ ಬಾಯಲ್ಲಿ, ವರ್ಷಗಳಾದ ಮೇಲೆ ಕಾರ್ಯದರ್ಶಿಯ ಬಾಯಲ್ಲೇ. ಮೂವರೂ ಹೇಳಿದ್ದು ಹೆಚ್ಚುಕಡಿಮೆ ಒಂದೇ. ಹೊರಗೆ ಬಿಸಿಲು, ಒಳಗೆ ಒದ್ದೆ ಬಟ್ಟೆಯ ವಾಸನೆ. ಬಾಯ್ಲರ್ ನೋಡಿಕೊಳ್ಳಲು ಬಿಟ್ಟಿದ್ದ ಇಸ್ತ್ರಿಯವನಿಗೆ ಅದು ಹಿಡಿತಕ್ಕೆ ಸಿಗದೆ, ಮೂರು ದಿನದಿಂದ ಉಗಿ ಸರಿಯಾಗಿ ಬರುತ್ತಿರಲಿಲ್ಲ. ಎಲ್ಲರ ಮುಖವೂ ಗಂಟು ಹಾಕಿಕೊಂಡಿತ್ತು.

"ಒಂದು ಕಾಗದ ನಲವತ್ತೊಂದು ಜನರ ಕೈ ಕಟ್ಟಿ ಹಾಕಿದೆ," ಎಂದ ಕಾರ್ಯದರ್ಶಿ. "ನಾನು ಕೇಳೋದಿಷ್ಟೇ. ಜನ ದೊಡ್ಡವರಾ, ಕಾಗದ ದೊಡ್ಡದಾ?"

ದೊಡ್ಡಮ್ಮ ಬಟ್ಟೆಯ ಗಂಟಿನ ಮೇಲೆ ಹತ್ತಿ ನಿಂತಳು. ಕುಳ್ಳಗಿರುವವಳು, ಇಲ್ಲದಿದ್ದರೆ ಹಿಂದಿನವರಿಗೆ ಕಾಣುತ್ತಿರಲಿಲ್ಲ.

"ಜನಾನೇ ದೊಡ್ಡವರು. ಆ ಕಾಗದ ಯಾರು ಬರೆದಿದ್ದು, ದೆವ್ವಾನಾ? ನಾವೇ. ಹೊಟ್ಟೆ ತಣ್ಣಗಿದ್ದಾಗ, ಯಾರ ಮೇಲೂ ಕೋಪ ಇಲ್ಲದಾಗ ಕೂತು ಬರೆದಿದ್ದು. ಇವತ್ತು ಸಿಟ್ಟಲ್ಲಿ ಎತ್ತೋ ಕೈಗೆ ಆವತ್ತು ತಣ್ಣಗೆ ಹಾಕಿದ ಸಹಿ ಸೋಲಬೇಕಾ?"

"ಸೀಟಿ ಒಳ್ಳೆಯವನಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ನಂಗೇನು ಗೊತ್ತು? ನೀವು ಕೇಳೋಕೆ ಬಿಟ್ರೆ ತಾನೇ ಗೊತ್ತಾಗೋದು. ಒಳ್ಳೆಯವರನ್ನ ಕಾಯೋಕೆ ನಿಯಮ ಬೇಕಾಗಿಲ್ಲ, ಅವರನ್ನ ಎಲ್ಲರೂ ಇಟ್ಕೋತಾರೆ. ಯಾರಿಗೂ ಬೇಡವಾದವನಿಗೇ ಅದು ಬೇಕಾಗೋದು. ನಾಳೆ ನೀವು ಯಾರಿಗೆ ಬೇಡವಾಗ್ತೀರೋ, ಗೊತ್ತಾ?" ಅವಳು ಬೆರಳು ಮಾಡಿದಳು. "ನೀನು, ಮಧ್ಯಾಹ್ನ ಚೀಲದ ಮೇಲೆ ಮಲಗ್ತೀಯ, ಎಲ್ಲರಿಗೂ ಗೊತ್ತು, ಸುಮ್ಮನಿದ್ದಾರೆ. ನೀನು, ಆರು ತಿಂಗಳ ಬಸುರಿ, ಭಾರ ಎತ್ತೋಕಾಗಲ್ಲ, ಅದಕ್ಕೆ ಗೊಣಗೋರು ಇಲ್ಲೇ ಕೂತಿದ್ದಾರೆ. ನೀನು, ಕಣ್ಣು ಮಂಜಾಗಿದೆ, ಕಲೆ ಕಾಣದೆ ಬಿಡ್ತೀಯ. ಒಂದು ಮಧ್ಯಾಹ್ನ ಊಟ ತಡವಾಗಿ, ಎಲ್ಲರಿಗೂ ತಲೆ ಕೆಟ್ಟಿರುವಾಗ, ಕೈ ಎತ್ತಿ ಅಂದ್ರೆ ಸಾಕು. ನನ್ನನ್ನ ಯಜಮಾನ ಒಬ್ಬನೇ ಹೊರಗೆ ಹಾಕಿದ. ನಿಮ್ಮನ್ನ ನಲವತ್ತು ಜನ ಹಾಕ್ತಾರೆ. ಗೇಟಿನ ಹೊರಗೆ ನಿಂತವಳಿಗೆ ಏನು ವ್ಯತ್ಯಾಸ?"

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, ನಿಯಮ ತೆಗೆಯಬೇಕು ಎನ್ನುವವರು ಕೈ ಎತ್ತಿ ಎಂದ.

ಕೈಗಳು ಎದ್ದವು. ಈ ಸಲ ಒಂದೇ ಸಲಕ್ಕೆ ಏಳಲಿಲ್ಲ. ಪಕ್ಕದವರ ಕೈ ನೋಡಿ ಎದ್ದವು, ಎದ್ದವುಗಳಲ್ಲಿ ಕೆಲವು ಕೆಳಗಿಳಿದವು. ಏಣಿಯ ಕೈ ಮೇಲೆ ಹೋಗಲಿಲ್ಲ. ಅವಳ ಗಂಡ ದುರುಗುಟ್ಟಿ ನೋಡಿದ, ಅವಳು ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡಳು. ಎಣಿಸಿದಾಗ ತೆಗೆಯಬೇಕು ಎನ್ನುವವರು ಇಪ್ಪತ್ತಾರು, ಬೇಡ ಎನ್ನುವವರು ಹದಿನಾರು.

"ಮುಗೀತು," ಎಂದ ಕಾರ್ಯದರ್ಶಿ. "ಹತ್ತು ಕೈ ಹೆಚ್ಚು. ನಿಯಮ ಬಿದ್ದುಹೋಯ್ತು."

"ಬೀಳಲ್ಲ," ಎಂದಳು ದೊಡ್ಡಮ್ಮ, ಗಂಟಿನ ಮೇಲಿಂದ ಇಳಿಯದೆ. "ನೀವು ಗೆದ್ದಿದ್ದೀರಿ, ನಾನು ಸೋತಿದ್ದೀನಿ. ಆದರೂ ಬೀಳಲ್ಲ. ಕೊನೇ ಸಾಲು ಓದಿ."

"ಅದೆಲ್ಲ ಈಗ ಯಾಕೆ?"

"ನಿಮ್ಮದೇ ಅಕ್ಷರ. ಓದೋಕೆ ಏನು ಕಷ್ಟ?"

ನಿಯಮದ ಪುಸ್ತಕ ಅವನ ಕೈಯಲ್ಲೇ ಇತ್ತು. ತೆರೆದ. ಓದಲು ಶುರುಮಾಡಿದ. "ಈ ನಿಯಮವನ್ನು ಸಭೆಯು ಎಷ್ಟೇ ಕೈಗಳಿಂದಲೂ..." ಅಷ್ಟಕ್ಕೆ ನಿಂತ. ಆ ಸಾಲನ್ನು ಬರೆಯುವಾಗ ತಾನು ಏನೆಂದುಕೊಂಡಿದ್ದೆ ಎಂಬುದು ಆ ಕ್ಷಣ ನೆನಪಾಯಿತು ಎಂದು ಅವನು ನನಗೆ ಹೇಳಿದ. ಎಂದಾದರೂ ಯಾರೋ ಕೆಟ್ಟವನೊಬ್ಬ ಬಂದು ಇದನ್ನು ಅಳಿಸಲು ನೋಡಬಹುದು, ಅವನ ಕೈಗೆ ಸಿಗದಿರಲಿ ಎಂದುಕೊಂಡು ಬರೆದಿದ್ದನಂತೆ. ಆ ಯಾರೋ ತಾನೇ ಆಗಿರುತ್ತೇನೆ ಎಂದು ಅಂದುಕೊಂಡಿರಲಿಲ್ಲ.

ಅವನು ಸಾಲನ್ನು ಪೂರ್ತಿ ಓದಿದ. "...ರದ್ದು ಮಾಡುವಂತಿಲ್ಲ, ತಿದ್ದುವಂತಿಲ್ಲ." ಪುಸ್ತಕ ಮುಚ್ಚಿದ. ಇಪ್ಪತ್ತಾರು ಜನರಲ್ಲಿ ಮೂವರು ನಾಲ್ವರು ಎದ್ದು, ಓದಿದ್ದಾಯ್ತಲ್ಲ, ಮುಂದೆ ನಡೆಸು ಎಂದು ಜೋರು ಮಾಡಿದರು. ಅವನು ಅವರ ಕಡೆ ನೋಡದೆ, "ವಿಚಾರಣೆ ನಡೆಯುತ್ತೆ. ಅಲ್ಲಿಯ ತನಕ ಸೀಟಿ ಕೆಲಸಕ್ಕೆ ಬರ್ತಾನೆ. ನನ್ನ ಮೇಲೆ ಕೋಪ ಇದ್ರೆ ಮುಂದಿನ ಚುನಾವಣೇಲಿ ತೀರಿಸ್ಕೊಳ್ಳಿ," ಎಂದ.

ದೊಡ್ಡಮ್ಮ ಆವತ್ತು ಮನೆಗೆ ಬಂದು ಹೇಳಿದ್ದು ಒಂದೇ ಮಾತು. "ನಾನು ಗೆದ್ದಿಲ್ಲ. ಅವನು ಓದಿದ."

ದೂರನ್ನು ಬರೆದು ಸೀಟಿಯ ಕೈಗೆ ಕೊಟ್ಟರು. ಹದಿನೈದು ದಿನ ಕಳೆದ ಮೇಲೆ ಚೀಟಿ ಎತ್ತಿ ಮೂವರನ್ನು ಆರಿಸಿದರು. ಅವನು ಮೈಲಿಗೆ ಬಟ್ಟೆ ವಿಂಗಡಿಸುವ ಮೇಜಿನ ಮುಂದೆ ಬಂದು ನಿಂತು, ಯಾರೂ ಎಣಿಸದಿದ್ದ ಮಾತಿನಿಂದ ಶುರುಮಾಡಿದ.

"ಹೌದು. ಹೋಟೆಲಿನವನಿಗೆ ಹೇಳಿದ್ದು ನಾನೇ."

ನೋಡಿದ್ಯಾ ಎನ್ನುವ ಹಾಗೆ ನಾಲ್ಕಾರು ಜನ ದೊಡ್ಡಮ್ಮನ ಕಡೆ ತಿರುಗಿದರು. ಸೀಟಿ ಬಾಯ್ಲರಿನ ದಿನಚರಿ ಪುಸ್ತಕವನ್ನು ಮೇಜಿನ ಮೇಲೆ ಇಟ್ಟ. ಗಂಟೆಗೊಮ್ಮೆ ಉಗಿಯ ಒತ್ತಡ ಎಷ್ಟಿತ್ತು ಎಂದು ಅದರಲ್ಲಿ ಬರೆದಿತ್ತು. ಹೋಟೆಲಿನ ಗಾಡಿ ನಿಲ್ಲುವ ಹಿಂದಿನ ತಿಂಗಳಲ್ಲಿ ಒಂಬತ್ತು ದಿನ ಉಗಿಯ ಕೊಳವೆಯ ಕವಾಟವೊಂದು ಸೋರಿ ಉಗಿ ಸಾಕಾಗಿರಲಿಲ್ಲ. ಆ ಒಂಬತ್ತು ದಿನವೂ, ಉಗಿ ಎಲ್ಲ ಯಂತ್ರಕ್ಕೂ ಸಾಲದೆ, ಆಸ್ಪತ್ರೆಯ ಬಟ್ಟೆ ಉಗುರುಬೆಚ್ಚಗಿನ ನೀರಿನಲ್ಲಿ, ಹೋಟೆಲಿನ ಬಟ್ಟೆಯ ಜೊತೆಯಲ್ಲೇ ತಿರುಗಿತ್ತು. ಕವಾಟ ಬದಲಿಸುವ ತನಕ ಯಂತ್ರ ನಿಲ್ಲಿಸಿ ಎಂದು ಅವನು ಕಾರ್ಯದರ್ಶಿಗೆ ಮೂರು ಸಲ ಹೇಳಿದ್ದ. ಹೇಳಿದ ದಿನಗಳನ್ನೂ ಬರೆದುಕೊಂಡಿದ್ದ.

"ನಾನು ಹೇಳಿದ್ರೆ ಇಲ್ಲಿ ಯಾರು ಕೇಳ್ತಾರೆ? ನನ್ನ ಮಾತಂದ್ರೆ ಚಾಡಿ ಅಂತಲೇ. ಆ ಬಟ್ಟೆ ಮೇಲೆ ಮಕ್ಕಳು ಮಲಗ್ತಾರೆ ಅಂತ ಗೊತ್ತಿದ್ದೂ ಸುಮ್ಮನಿರೋಕಾಗಲಿಲ್ಲ, ಅದಕ್ಕೇ ಹೇಳಿದೆ. ಈಗ ಏನು ಮಾಡ್ತೀರೋ ಮಾಡಿ."

ನಿಜವೇ ಎಂದು ಮೂವರು ಕೇಳಿದರು. ಕಾರ್ಯದರ್ಶಿ ಎದ್ದು ನಿಂತು ನಿಜ ಎಂದ. ಹೋಟೆಲಿನ ಕೆಲಸ ತಡವಾಗುತ್ತದೆ ಎಂದು ಯಂತ್ರ ನಿಲ್ಲಿಸಲಿಲ್ಲ ಎಂದ.

ಮೂವರೂ ಎರಡು ದಿನ ಯೋಚಿಸಿ ತೀರ್ಪು ಬರೆದರು. ಸಭೆಯ ಮುಂದೆ ಇಡದೆ ಹೊರಗಿನವರಿಗೆ ಹೇಳಿದ್ದು ಸೀಟಿಯ ತಪ್ಪು, ಅದಕ್ಕೆ ಎಚ್ಚರಿಕೆ. ಕೇಳಿದ ಮೇಲೂ ಯಂತ್ರ ನಿಲ್ಲಿಸದಿದ್ದದ್ದು ಕಾರ್ಯದರ್ಶಿಯ ತಪ್ಪು, ಅದಕ್ಕೂ ಎಚ್ಚರಿಕೆ. ಆಸ್ಪತ್ರೆಯ ಬಟ್ಟೆಗೆ ಬೇರೆ ಯಂತ್ರ, ಬೇರೆ ಬಾಗಿಲು. ಸೀಟಿಯನ್ನು ಕೆಲಸದಿಂದ ತೆಗೆಯಲು ಕಾರಣವಿಲ್ಲ. ಹೋಟೆಲಿನ ಗಾಡಿ ಮತ್ತೆ ಬರಲೇ ಇಲ್ಲ. ಆ ವರ್ಷ ಎಲ್ಲರೂ ಬಿಗಿಹಿಡಿದೇ ಬದುಕಿದರು, ನಮ್ಮ ಮನೆಯೂ ಸೇರಿ. ಅದಕ್ಕಾಗಿ ದೊಡ್ಡಮ್ಮನನ್ನು ಇವತ್ತಿಗೂ ಮಾತಾಡಿಸದವರು ಇಬ್ಬರಿದ್ದಾರೆ.

ತೀರ್ಪಿನ ಮರುದಿನ ಏಣಿ ಏನೂ ಹೇಳದೆ ಬಂದು ಎದುರು ನಿಂತು ಎರಡು ಮೂಲೆ ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಸೀಟಿ ಮಡಿಸುವ ಮೇಜಿನ ಹತ್ತಿರ ಬಂದ. ಹದಿನೆಂಟು ವರ್ಷದಲ್ಲಿ ಅವನು ಅಲ್ಲಿಗೆ ಬಂದದ್ದು ಅದೇ ಮೊದಲು.

"ಯಾಕೆ ಮಾಡಿದೆ?" ಎಂದ.

"ನಿನಗೋಸ್ಕರ ಅಲ್ಲ," ಎಂದಳು ದೊಡ್ಡಮ್ಮ. ಅವನ ಜೊತೆ ಅವಳಾಡಿದ ಮೊದಲ ಮಾತು ಅದು.

ಅವನು ಹೋಗಲಿಲ್ಲ. ಬಟ್ಟೆಯ ಚೂರನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದು, ಕೊನೆಗೆ, "ಆವತ್ತು ನಿಮ್ಮ ತಾಯಿ ಆಸ್ಪತ್ರೇಲಿದ್ದದ್ದು ನಂಗೆ ಗೊತ್ತಿತ್ತು. ಯಜಮಾನನಿಗೆ ಅದನ್ನ ಹೇಳಲಿಲ್ಲ," ಎಂದ.

ಏಣಿಯ ಕೈ ಗಾಳಿಯಲ್ಲೇ ನಿಂತಿತು. ದೊಡ್ಡಮ್ಮ ಬೆಡ್‌ಶೀಟನ್ನು ಜಗ್ಗಿ ಎಳೆದು ಸುಕ್ಕು ಬಿಡಿಸಿದಳು.

"ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು. ಅದನ್ನ ನಾನು ಬಿಟ್ಟುಕೊಡಲ್ಲ. ನೀನು ಕೆಲಸದಲ್ಲಿರೋದು ಬೇರೆ, ಅದು ಬೇರೆ. ಹೋಗಿ ಉಗಿ ಬಿಡು, ಬಟ್ಟೆ ಕಾಯ್ತಾ ಇದೆ."

ಮುಂದೆ ಚುನಾವಣೆಯಲ್ಲಿ ಕಾರ್ಯದರ್ಶಿ ನಾಲ್ಕು ಕೈಗಳಿಂದ ಸೋತ. ಪುಸ್ತಕಗಳನ್ನು ಕಟ್ಟಿ ಹೊಸಬಳಿಗೆ ಒಪ್ಪಿಸಿ ಇಸ್ತ್ರಿ ಮೇಜಿಗೆ ಮರಳಿದ. ಅವನಿಗೆ ಕೈ ಎತ್ತಿದವರಲ್ಲಿ ದೊಡ್ಡಮ್ಮನೂ ಒಬ್ಬಳು ಎಂದರೆ ಜನ ನಂಬುವುದಿಲ್ಲ.

ಅದಾಗಿ ಎರಡು ವರ್ಷಕ್ಕೆ ಮಡಿಸುವ ಯಂತ್ರ ತರಬೇಕೆಂಬ ಮಾತು ಬಂತು. ದೊಡ್ಡಮ್ಮ ಎದ್ದು ನಿಂತು ಅರ್ಧ ಗಂಟೆ ವಾದಿಸಿದಳು. ಯಂತ್ರಕ್ಕೆ ಮೂಲೆ ಅಂದರೇನೆಂದು ಗೊತ್ತಿಲ್ಲ ಎಂದಳು, ಹರಿದದ್ದನ್ನೂ ಮಡಿಸಿ ಇಡುತ್ತದೆ ಎಂದಳು. ಕೈ ಎಣಿಸಿದಾಗ ಅವಳ ಕಡೆ ಇದ್ದದ್ದು ಅವಳು ಮತ್ತು ಏಣಿ ಇಬ್ಬರೇ. ಉಳಿದವರೆಲ್ಲ ಅವಳನ್ನೇ ನೋಡಿದರು, ಈಗ ಯಾವ ನಿಯಮ ಹೇಳುತ್ತಾಳೋ ಎಂದು. ಅವಳು ಪುಸ್ತಕ ಕೇಳಿ ತೆಗೆದುಕೊಂಡು ಸಹಿ ಹಾಕಿದಳು.

"ಯಂತ್ರ ತರೋದು ಕೈ ಎತ್ತೋ ವಿಷಯ," ಎಂದಳು. "ಸೋತೆ. ತನ್ನಿ. ತಂದ ಮೇಲೆ ಆ ದರಿದ್ರದ್ದನ್ನ ನಡೆಸೋದು ಹೇಗೆ ಅಂತ ಮೊದಲು ನಂಗೇ ಹೇಳಿಕೊಡಿ."

ಮನೆಗೆ ಬಂದು ದೊಡ್ಡಪ್ಪನ ಹತ್ತಿರ ಒಂದು ವಾರ ಯಂತ್ರವನ್ನು ಬೈದಳು. ಆಮೇಲೆ ಕಲಿತಳು. ಈಗ ಅವಳಿಗಿಂತ ಚೆನ್ನಾಗಿ ಅದನ್ನು ನಡೆಸುವವರು ಅಲ್ಲಿ ಇಲ್ಲ.

ಇವತ್ತಿಗೂ ಸಭೆಗಳಲ್ಲಿ ಅವಳು ಕೂರುವುದು ಮುಂದಿನ ಗಂಟಿನ ಮೇಲೆ. ಯಾವ ವಿಷಯವೇ ಬರಲಿ, ಯಾರೇ ಕಾರ್ಯದರ್ಶಿಯಾಗಿರಲಿ, ಕೈ ಎತ್ತಿ ಎನ್ನುವ ಮೊದಲೇ ಅವಳ ದನಿ ಕೇಳಿಸುತ್ತದೆ. "ಇದು ಕೈಗೆ ಬಿಟ್ಟ ವಿಷಯಾನಾ, ಅಲ್ವಾ? ಮೊದಲು ಅದು ಹೇಳಿ." ಊಟ ತಣ್ಣಗಾಗುತ್ತದೆ ಮಡಿಕೆ, ಎಂದು ಗೊಣಗುತ್ತಾರೆ, ಮೂಗು ಮುರಿಯುತ್ತಾರೆ. ಅವಳು ಕದಲುವುದಿಲ್ಲ. ಉತ್ತರ ಸಿಗುವ ತನಕ ಯಾರಿಗೂ ಎಣಿಸಲು ಬಿಡುವುದಿಲ್ಲ.